ನಗೆಯ ಕಾಯಕವೂ ಮಹಾಮಾರಿಯೂ

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಜನರನ್ನು ನಗಿಸುವುದನ್ನೇ ಕಾಯಕವನ್ನಾಗಿ ಮಾಡಿಕೊಂಡ ನಗೆಯ ಮಾರಿತಂದೆಗಳಿದ್ದರು. ವೇಷ ಕಟ್ಟಿ ಆಡಿ ತೋರಿಸುವುದನ್ನೇ ಕಾಯಕವೆಂದು ಬಗೆದ ಬಹುರೂಪಿ ಚೌಡಯ್ಯನವರೂ ಇದ್ದರು. ಮಗ್ಗಕ್ಕೂ ದೋಣಿಗೂ ಸಂದ ಗೌರವವೇ ಅಲ್ಲಿ ನಗೆಗೂ ವೇಷಕ್ಕೂ ಸಂದಿತು. ಹಾಸ್ಯವು ಹೊತ್ತು ಕಳೆಯುವ ಸಾಧನವೋ, ಸಮಾಜವನ್ನು ತಿದ್ದುವ ಕಾಯಕವೋ ಎಂಬ ಪ್ರಶ್ನೆಗೆ ಶರಣರು ಅಂದೇ ಉತ್ತರವಿತ್ತಿದ್ದರು. ಆ ಉತ್ತರವನ್ನು ಒರೆಗೆ ಹಚ್ಚಿದ್ದು ಮಹಾಮಾರಿಯ ಕಾಲ.

ಅಖಂಡೇಶ್ವರ ಅಂಕಿತದ ಷಣ್ಮುಖ ಶಿವಯೋಗಿಗಳು ಬಾಳಿದ ಜೇವರ್ಗಿ, ಆ ಸೀಮೆಯ ಇಜೇರಿ, ಭೀಮಾತೀರದ ಅಫಜಲಪುರ, ಅತ್ತ ಆಳಂದ, ಈ ಭಾಗದ ಹಿರಿಯರಿಗೆ ದೊಡ್ಡಾಟದ ಸಾರಥಿ ಅಪರಿಚಿತನಲ್ಲ. ರಾಜವೇಷದವನು ರಂಗಕ್ಕೆ ಬಂದೊಡನೆ ‘ತಾವು ಯಾರು?’ ಎಂದು ಕೇಳುವವನು ಅವನು. ಗ್ರಾಂಥಿಕವಾದ ಮಾತನ್ನು ಆಡುಮಾತಿಗೆ ಇಳಿಸಿ, ದೊರೆಯ ದರ್ಪವನ್ನು ನಗೆಯಿಂದಲೇ ಚುಚ್ಚುವವನೂ ಅವನೇ. ಆಳುವವರ ಮಾತಿಗೂ ಕೇಳುವವರ ಮನಸ್ಸಿಗೂ ನಡುವೆ ಇಂಥ ಸಾರಥಿ ಇಲ್ಲದಿದ್ದರೆ ಏನಾಗುವುದೆಂಬುದಕ್ಕೆ ಇತಿಹಾಸವೇ ಸಾಕ್ಷಿ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಮುಟ್ಟಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಅಧಿಕಾರಿಗಳಿಗೆ ಅಪಾರ ಅಧಿಕಾರವನ್ನು ನೀಡಿತು. ಮನೆ ಹೊಕ್ಕು ಶೋಧಿಸಿದರು. ರೋಗಿಗಳನ್ನು ಬಂಧುಗಳಿಂದ ಬೇರ್ಪಡಿಸಿದರು. ಉದ್ದೇಶವು ಒಳ್ಳೆಯದೇ ಆಗಿದ್ದರೂ ವಿಶ್ವಾಸವು ಬೆಳೆಯಲಿಲ್ಲ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನರು ದಂಗೆಯೆದ್ದರು. ಬೆಂಗಳೂರಿನಲ್ಲಿ ಪ್ಲೇಗಿನ ಹೆಸರಿನಲ್ಲೇ ಮಾರಿಯಮ್ಮನ ಗುಡಿಗಳು ಎದ್ದವು. ಅಂಜಿದ ಜನತೆಗೆ ಆಜ್ಞೆಯು ತಲುಪಿತು, ಅರ್ಥವು ತಲುಪಲಿಲ್ಲ.

2020ರಲ್ಲಿ ಅಂಥದೇ ದಿನಗಳು ಮರಳಿದವು. ಕೊರೊನಾ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಮರಣವೆಂದು ದಾಖಲಾದದ್ದು ಆ ವರ್ಷದ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ 76 ವರ್ಷದ ವೃದ್ಧರದು. ಭೀತಿ ಕವಿಯಿತು. ಮುಂಬಯಿ, ಪುಣೆಗಳಿಂದ ಊರಿಗೆ ಮರಳಿದ ಕೂಲಿಕಾರರನ್ನು ಊರವರೇ ಸಂಶಯದಿಂದ ನೋಡುವಂತಾಯಿತು. ನಿಷೇಧವಿದ್ದಾಗ್ಯೂ ಏಪ್ರಿಲ್ 16ರಂದು ಚಿತ್ತಾಪುರ ತಾಲೂಕಿನ ರಾವೂರಿನಲ್ಲಿ ರಥವನ್ನೆಳೆದರು. ಬರಿಯ ಆಜ್ಞೆಯು ಭಕ್ತರ ಮನಸ್ಸನ್ನು ತಿರುಗಿಸಲಾರದೆಂಬುದು ಮತ್ತೊಮ್ಮೆ ಸಿದ್ಧವಾಯಿತು.

ಆದರೆ ಈ ಸಲ ಸಾರಥಿಯೂ ರಂಗಕ್ಕೆ ಬಂದನು. ಗಡಿಯಾಚೆಯ ಕನ್ನಡ ನೆಲವಾದ ಕಾಸರಗೋಡಿನಲ್ಲಿ ಸಿರಿಬಾಗಿಲು ವೆಂಕಪ್ಪಯ್ಯ ಸಾಂಸ್ಕೃತಿಕ ಪ್ರತಿಷ್ಠಾನವು ಕೊರೊನಾ ಜಾಗೃತಿಯ ಯಕ್ಷಗಾನವನ್ನು ಸಿದ್ಧಪಡಿಸಿ ಅಂತರ್ಜಾಲದ ಮೂಲಕ ಮನೆಮನೆಗೆ ಮುಟ್ಟಿಸಿತು. ಚೆನ್ನೈಯಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಕಲಾವಿದನೊಬ್ಬನು ರಚಿಸಿದ ಕೊರೊನಾ ಆಕಾರದ ಶಿರಸ್ತ್ರಾಣವನ್ನು ಧರಿಸಿ ಬೀದಿಯಲ್ಲಿ ನಿಂತರು. ದಂಡಕ್ಕೆ ಬಾಗದವರು ವೇಷವನ್ನು ಕಂಡು ನಕ್ಕು ನಿಂತರು. ನಿಂತವರು ಮಾತನ್ನು ಕೇಳಿದರು.

ಎಲ್ಲ ನಗೆಯೂ ಕಾಯಕವಾಗಲಿಲ್ಲವೆಂಬುದನ್ನೂ ಹೇಳಲೇಬೇಕು. ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ಎಷ್ಟೋ ಚಟಾಕಿಗಳು ರೋಗಿಯನ್ನು, ಬಡ ಕೂಲಿಕಾರನನ್ನು, ಅನ್ಯ ಸಮುದಾಯದವರನ್ನು ಗೇಲಿ ಮಾಡಿದವು. ನೊಂದವನನ್ನು ನೋಯಿಸುವ ನಗೆ ರೋಗಕ್ಕಿಂತ ಬೇಗ ಹರಡುತ್ತದೆ. ಭಯವನ್ನು, ಮೌಢ್ಯವನ್ನು, ಔಷಧಿಯಲ್ಲಿಯೂ ಲಾಭ ಹುಡುಕುವ ದುರಾಸೆಯನ್ನು ನೋಡಿ ನಗುವುದು ಧರ್ಮ. ನರಳುವವನನ್ನು ನೋಡಿ ನಗುವುದು ಅಧರ್ಮ.

ಜನರನ್ನು ನಗಿಸಿದವರ ಪಾಡೇನಾಯಿತು? ನಮ್ಮ ಭಾಗದಲ್ಲಿ ಮಾರ್ಚಿಯಿಂದ ಮೇ ತನಕ ಜಾತ್ರೆಗಳ ಸುಗ್ಗಿ. ನಾಟಕ ಕಂಪನಿಗಳಿಗೂ ಬಯಲಾಟದವರಿಗೂ ವರ್ಷದ ಅನ್ನ ಅದೇ. ಎರಡು ವರ್ಷ ಆ ಸುಗ್ಗಿ ಕೈತಪ್ಪಿತು. 2021ರಲ್ಲಿ ಸರಕಾರವು ಕಲಾವಿದರಿಗೆ ತಲಾ 3,000 ರೂಪಾಯಿಗಳ ನೆರವನ್ನು ಘೋಷಿಸಿತು. ಒಂದು ಸಂಸಾರಕ್ಕೆ ಅದು ಎಷ್ಟು ದಿನದ ಗಂಜಿ? ಕರ್ನಾಟಕ ಯಕ್ಷಗಾನ ಅಕಾಡೆಮಿಯ ಅಧ್ಯಕ್ಷರಾಗಿದ್ದ ವಿದ್ವಾಂಸ ಎಂ.ಎ. ಹೆಗಡೆಯವರು ಅದೇ ವರ್ಷದ ಏಪ್ರಿಲ್‌ನಲ್ಲಿ ಈ ರೋಗಕ್ಕೆ ತುತ್ತಾದರು.

ಕಾಯಕವೆಂದ ಮೇಲೆ ದಾಸೋಹವೂ ಉಂಟು. ನಗಿಸುವವನು ತನ್ನ ಕಲೆಯನ್ನು ಸಮಾಜಕ್ಕೆ ದಾಸೋಹವಾಗಿ ಅರ್ಪಿಸುವಾಗ, ಸಮಾಜವು ಅವನ ಒಲೆ ಆರದಂತೆ ನೋಡಿಕೊಳ್ಳುವುದೂ ದಾಸೋಹವೇ. ಜಾತ್ರೆಯ ರಾತ್ರಿ ದೊಡ್ಡಾಟದ ಸಾರಥಿಗೆ ರಂಗವನ್ನೂ ತುತ್ತು ಅನ್ನವನ್ನೂ ಒದಗಿಸುವ ಊರು ಮುಂದಿನ ಆಪತ್ತಿನಲ್ಲಿ ದಾರಿ ತಪ್ಪಲಾರದು. ಭಕ್ತರೂ ಮಠದ ಹಳೆಯ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರುಗಳಲ್ಲಿ ಇದನ್ನು ಆಲೋಚಿಸಲಿ.