ಭೈರವಿ ಆದಮೇಲೆ ಬರೋ ಹಾಡು

ಧಾರವಾಡದ ಕಡೆ ಹಳೇ ಕೇಳುಗರ ಕೈಗೆ ನೀವೇ ಹಾಡು ತುಂಬಿಸಿದ ಕ್ಯಾಸೆಟ್ ಕೊಟ್ಟರೆ ಅವರು ಮೊದಲು ನೋಡುತ್ತಿದ್ದದ್ದು ಯಾರು ಹಾಡಿದ್ದಾರೆ ಅನ್ನೋದನ್ನಲ್ಲ, ಭೈರವಿ ಎಲ್ಲಿದೆ ಅನ್ನೋದನ್ನ. 'ಎ' ಸೈಡಿನ ನಡುವೆ ಎಲ್ಲೋ ಭೈರವಿ ಇದ್ದು, ಅದರ ಬೆನ್ನಿಗೆ ಇನ್ನೊಂದು ರಾಗ ಇದ್ದರೆ ಮುಗೀತು ನಿಮ್ಮ ಕತೆ. ಮೊಸರನ್ನ ಉಂಡಮ್ಯಾಲೆ ಹೋಳಿಗಿ ಬಡಸ್ತಾರೇನು ಅನ್ನೋ ಧಾಟಿಯ ಮಾತು ಬರುತ್ತಿತ್ತು. ಭೈರವಿ ಮುಂಜಾನೆಯ ರಾಗ ಖರೆ, ಆದರೆ ಮೆಹಫಿಲ್ ಎಷ್ಟು ಹೊತ್ತಿಗೆ ಮುಗಿದರೂ ಭೈರವಿಯಿಂದಲೇ ಮುಗಿಸೋದು ಹಿಂದೂಸ್ತಾನಿ ರೂಢಿ. ಭೈರವಿ ಆಯ್ತು ಅಂದ್ರೆ ತಂಬೂರಿ ಇಳಿಸಿದಂಗೆ. ಆಮೇಲೆ ಯಾರೂ ಹಾಡೋದಿಲ್ಲ, ಕೇಳೋದೂ ಇಲ್ಲ.

ಈಗ ನಾವು ಶುಕ್ರವಾರ ಸಂಜೆ ಆಫೀಸಿನ ಕ್ಯಾಬ್‌ನಲ್ಲಿ ಕೂತು ಇಪ್ಪತ್ತೈದು ಹಾಡಿನ ಪ್ಲೇಲಿಸ್ಟ್ ಮಾಡಿ ಗುಂಪಿಗೆ ಲಿಂಕ್ ಕಳಿಸ್ತೀವಿ. ನಾಲ್ಕು ಹಾರ್ಟ್ ಬರುತ್ತವೆ, ಒಂದು ಬೆಂಕಿ ಇಮೋಜಿ. ಯಾರೂ ಬಯ್ಯೋದಿಲ್ಲ. ಯಾಕೆಂದರೆ ಯಾರೂ ಪೂರ್ತಿ ಕೇಳಿರೋದಿಲ್ಲ. ಪಟ್ಟಿ ಮಾಡಿ ಹಂಚೋದು ನಮ್ಮ ಕಾಲದ ಆಟ ಅಂತ ನಾವು ಅಂದುಕೊಂಡಿದ್ದೇವೆ. ಆದರೆ ನಮ್ಮ ಭಾಗದಲ್ಲಿ ಅದಕ್ಕೆ ಬಹಳ ಹಳೇ ಚರಿತ್ರೆ ಇದೆ, ಮತ್ತು ಆ ಚರಿತ್ರೆಯಲ್ಲಿ ಬೈಗುಳಕ್ಕೆ ಒಳ್ಳೇ ಜಾಗ ಇತ್ತು.

ಶುರು ಮಾಡಬೇಕಾದದ್ದು ವಹಿಯಿಂದ. ಉತ್ತರ ಕರ್ನಾಟಕದ ಯಾವ ಭಜನಾ ಮೇಳವೇ ಇರಲಿ, ಅದರಲ್ಲೊಂದು ಹಾಡಿನ ವಹಿ ಇದ್ದೇ ಇರುತ್ತೆ. ಎಣ್ಣೆ ಜಿಡ್ಡು, ಕುಂಕುಮದ ಕಲೆ, ಅಂಚು ಹರಿದ ಉದ್ದನೆಯ ನೋಟ್‌ಬುಕ್ಕು. ಮೊದಲು ಗಣಪತಿ, ಆಮೇಲೆ ಗುರು, ಆಮೇಲೆ ತತ್ವಪದ, ಕೊನೆಗೆ ಮಂಗಳ. ನಡುವೆ ಏನು ಹಾಕಬೇಕು ಅನ್ನೋದು ಮೇಳದವರ ರುಚಿ. ಶಿಶುನಾಳ ಶರೀಫರು (1819–1889) ತೀರಿಕೊಂಡು ದಶಕಗಟ್ಟಲೆ ಕಾಲ ಅವರ ಪದಗಳು ಬದುಕಿದ್ದು ಇಂಥ ವಹಿಗಳಲ್ಲಿ ಮತ್ತು ಹಾಡೋರ ನಾಲಿಗೆಯ ಮೇಲೆ. ಶರೀಫರ ಗುರು ಗೋವಿಂದಭಟ್ಟರ ಊರು ಕಳಸ, ಕುಂದಗೋಳ ತಾಲೂಕಿನದು. ಅವರ ಸಮಕಾಲೀನ, ಅಜಾತ ನಾಗಲಿಂಗಸ್ವಾಮಿಗಳು ಇದ್ದದ್ದು ನವಲಗುಂದದಲ್ಲಿ. ಅಂದರೆ ಈ ಪದಗಳು ನಡೆದಾಡಿದ ಹಾದಿ ಇದೇ ಎರೆಭೂಮಿ.

ಪಟ್ಟಿಗೆ ಪಟ್ಟಿಯಿಂದಲೇ ಉತ್ತರ ಕೊಡೋ ಕಲೆಯೂ ಇಲ್ಲೇ ಇದೆ. ಗೀಗೀ ಪದದಲ್ಲಿ ಹರದೇಶಿ, ನಾಗೇಶಿ ಅಂತ ಎರಡು ಪಕ್ಷ. ಒಂದು ಶಿವನ ಪರ, ಗಂಡಿನ ಪರ. ಇನ್ನೊಂದು ಶಕ್ತಿಯ ಪರ, ಹೆಣ್ಣಿನ ಪರ. ರಾತ್ರಿಯಿಡೀ ಸವಾಲ್–ಜವಾಬ್. ಎದುರಿನವರು ಎತ್ತಿದ ಪದಕ್ಕೆ ತಕ್ಕ ಪದ ನಿಮ್ಮ ಸಂಗ್ರಹದಲ್ಲಿ ಇಲ್ಲದಿದ್ದರೆ ಊರ ಮುಂದೆ ಮಾನ ಹೋಗುತ್ತೆ. ಮೊಹರಂ ಬಂದರೆ ರಿವಾಯತ್ ಪದಗಳು, ಕನ್ನಡದಲ್ಲೇ, ಹಿಂದೂ–ಮುಸ್ಲಿಂ ಇಬ್ಬರೂ ಕೂಡಿ ಹಾಡೋವು. ಅಲ್ಲೂ ಪೈಪೋಟಿ. ಕೇಳೋ ಜನ ಸುಮ್ಮನೆ ಕೂತವರಲ್ಲ. ಯಾವ ಪದದ ಮೇಲೆ ಯಾವ ಪದ ಕೂಡುತ್ತೆ, ಯಾವುದು ಕೂಡೋದಿಲ್ಲ ಅಂತ ಕಟ್ಟೆಯ ಮೇಲೆ ಮರುದಿನ ತೀರ್ಪು ಬರುತ್ತಿತ್ತು.

ಗ್ರಾಮೋಫೋನ್ ಬಂದಾಗ ಈ ಕ್ರಮ ಮುರೀತು. 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹೆಚ್ಚುಕಡಿಮೆ ಮೂರು ಮೂರೂವರೆ ನಿಮಿಷ. ಒಂದು ತಾಸು ಹಾಡೋ ರಾಗವನ್ನ ಅಷ್ಟರಲ್ಲಿ ಮುಗಿಸಬೇಕು. ಪಟ್ಟಿ ಮಾಡೋ ಮಾತೇ ಇಲ್ಲ, ಒಂದು ತಟ್ಟೆ, ಒಂದು ಹಾಡು. ಆದರೆ ಅದೇ ಮೂರು ನಿಮಿಷ ಏನು ಮಾಡಿತು ನೋಡಿ. ಗದಗಿನ ಹುಡುಗನೊಬ್ಬ ಅಂಗಡಿಯ ಗ್ರಾಮೋಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ಕೇಳಿ, ಅಂಥದ್ದೇ ಹಾಡಬೇಕಂತ 1933ರಲ್ಲಿ ಮನೆ ಬಿಟ್ಟು ಓಡಿದ. ಆಗ ಭೀಮಸೇನ ಜೋಶಿಗೆ ಹನ್ನೊಂದು ವರ್ಷ. ತಿರುಗಿ ತಿರುಗಿ ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರವೇ, ಕುಂದಗೋಳದಲ್ಲಿ. ಅದೇ ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಬರುತ್ತಿದ್ದದ್ದೂ ಅದೇ ಕುಂದಗೋಳಕ್ಕೆ.

ಮುಂದಿನದು ರೇಡಿಯೋ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯ್ತು. 1952ರಲ್ಲಿ ಕೇಂದ್ರದ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡು ಅಂದ್ರೆ ಮೂಗು ಮುರಿಯೋರು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಸಂಗೀತ ಮಾಯವಾಯ್ತು. ಜನ ಸುಮ್ಮನೆ ಸೂಜಿ ತಿರುಗಿಸಿ ಸಿಲೋನಿಗೆ ಹೋದರು. ಅದೇ ವರ್ಷ ಅಲ್ಲಿ ಅಮೀನ್ ಸಯಾನಿ 'ಬಿನಾಕಾ ಗೀತ್‌ಮಾಲಾ' ಶುರು ಮಾಡಿದರು. ಬುಧವಾರ ರಾತ್ರಿ ಎಂಟಕ್ಕೆ ದೇಶಕ್ಕೆ ದೇಶವೇ ಒಂದು ಪಟ್ಟಿಯ ಮುಂದೆ ಕೂಡುತ್ತಿತ್ತು. ಯಾವ ಹಾಡು ಎಷ್ಟನೇ ಮೆಟ್ಟಿಲು ಅಂತ ವಹಿಯಲ್ಲಿ ಬರೆದಿಡೋರು, ಅನ್ಯಾಯ ಆಯ್ತಂತ ಕಾಗದ ಬರೆಯೋರು. 1957ರ ಅಕ್ಟೋಬರಿನಲ್ಲಿ ಸರ್ಕಾರವೇ ಸೋತು ವಿವಿಧ ಭಾರತಿ ತೆರೆಯಿತು. ಮಂತ್ರಿಯೊಬ್ಬರ ರುಚಿ ಜನರ ಪಟ್ಟಿಯ ಮುಂದೆ ಬಗ್ಗಿದ್ದು ನನಗಂತೂ ಖುಷಿ ಕೊಡೋ ಸಂಗತಿ. ಕೇಸ್ಕರ್ ಶಾಸ್ತ್ರೀಯ ಸಂಗೀತಕ್ಕೆ ಮಾಡಿದ ಉಪಕಾರ ಸಣ್ಣದಲ್ಲ, ಅದನ್ನೂ ಹೇಳಿಬಿಡಬೇಕು.

ಆದರೂ ಆ ಪಟ್ಟಿ ಬೇರೆಯವರು ಮಾಡಿದ್ದು. ನಮ್ಮ ಕೈಗೆ ಪಟ್ಟಿ ಬಂದದ್ದು ಕ್ಯಾಸೆಟ್‌ನಿಂದ. ಫಿಲಿಪ್ಸ್ ಕಂಪನಿ 1963ರಲ್ಲಿ ತೋರಿಸಿದ ಈ ಪುಟ್ಟ ಡಬ್ಬಿ ನಮ್ಮ ಬಜಾರಿಗೆ ನುಗ್ಗಿದ್ದು ಎಪ್ಪತ್ತರ ದಶಕದ ಕೊನೆ, ಎಂಬತ್ತರ ಶುರುವಿನಲ್ಲಿ. ಖಾಲಿ ಕ್ಯಾಸೆಟ್ ಕೊಂಡು, ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದು ಅಂಗಡಿಗೆ ಕೊಟ್ಟರೆ ಅವರು ತುಂಬಿಸಿ ಕೊಡೋರು. ಕಾಯ್ದೆ ಪ್ರಕಾರ ಇದು ಕಳ್ಳತನ. ಹಾಡಿದವರಿಗೆ ಒಂದು ಪೈಸೆ ಹೋಗುತ್ತಿರಲಿಲ್ಲ. ಇದನ್ನ ನಾಸ್ಟಾಲ್ಜಿಯಾದ ಸಕ್ಕರೆಯಲ್ಲಿ ಅದ್ದಿ ಮುಚ್ಚಿಡೋದು ಸರಿಯಲ್ಲ.

ಪಟ್ಟಿ ಮಾಡೋದು ಆಗ ಲೆಕ್ಕದ ಕೆಲಸವೂ ಆಗಿತ್ತು. ಸಿ–60 ಅಂದರೆ ಬದಿಗೆ ಮೂವತ್ತು ನಿಮಿಷ, ಸಿ–90 ಅಂದರೆ ನಲವತ್ತೈದು. ಕೊನೇ ಹಾಡು ಅರ್ಧಕ್ಕೆ ತುಂಡಾದರೆ ಅದು ತುಂಬಿಸಿದವನ ಮರ್ಯಾದೆ ಪ್ರಶ್ನೆ. ಮಲ್ಲಿಕಾರ್ಜುನ ಮನಸೂರರ ಒಂದು ರಾಗ ಇಡಬೇಕಂದ್ರೆ ಉಳಿದ ನಿಮಿಷಕ್ಕೆ ಏನು? ವಚನವೋ, ಬಸವರಾಜ ರಾಜಗುರುಗಳ ನಾಟ್ಯಗೀತೆಯೋ, ಭೀಮಸೇನರ ದಾಸರ ಪದವೋ? ಸಿ–90 ಟೇಪು ತೆಳು, ಬಿಸಿಲಿಗೆ ಸುರುಳಿ ಸಿಕ್ಕಿಬೀಳುತ್ತೆ ಅಂತ ಸಿ–60ನ್ನೇ ಹಿಡಿದ ಜಾಣರಿದ್ದರು. ಒಂದು ಕ್ಯಾಸೆಟ್‌ನಿಂದ ಇನ್ನೊಂದಕ್ಕೆ ಇಳಿಸಿದ ಹಾಗೆಲ್ಲ 'ಸ್ಸ್' ಅನ್ನೋ ಸದ್ದು ಏರುತ್ತಿತ್ತು. ಹಂಗಾಗಿ ಒಳ್ಳೇ ಮೆಹಫಿಲ್‌ನ ಟೇಪ್ ಕೈಗೆ ಬಂದರೆ ಮೊದಲ ಪ್ರಶ್ನೆ, ಇದು ಎಷ್ಟನೇ ಕಾಪಿ? ಮನೆತನದ ವಂಶಾವಳಿ ಕೇಳಿದಂಗೆ.

ತಾನ್ಸೇನ್ ಆಗೋದು ಎಲ್ಲರಿಗೂ ಆಗದು, ಕಾನ್‌ಸೇನ್ ಆಗಬಹುದು ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಆ ಕಾನ್‌ಸೇನರು ತಯಾರಾದದ್ದು ಈ ಜಗಳಗಳಲ್ಲಿ. ಟೇಪ್ ವಾಪಸ್ ಕೊಡುವಾಗ ಸುಮ್ಮನೆ "ಛಲೋ ಅದ" ಅಂದರೆ ನಡೀತಿರಲಿಲ್ಲ. ಮಾರವಾ ಆದಮೇಲೆ ಪೂರಿಯಾ ಇಟ್ಟೀಯಲ್ಲ, ಸ್ವರಗಳು ಅವೇ ಆದರೂ ಚಲನ ಬೇರೆ, ಕಿವಿಗೆ ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತೆ. ನಡುವೆ ಬೇರೇನಾದರೂ ಇಡು. ಇಂಥ ಮಾತು ಕೇಳಿಸಿಕೊಂಡವನು ಮುಂದಿನ ಸಲ ಬೇರೆ ಥರ ಕೇಳುತ್ತಾನೆ. ಯಾವ ಕ್ಲಾಸೂ ಇದನ್ನ ಹೇಳಿಕೊಡೋದಿಲ್ಲ.

ಇಲ್ಲಿ ಯಮನೂರಿಗೆ ಬರಬೇಕು. ನವಲಗುಂದ ತಾಲೂಕಿನ ಈ ಸಣ್ಣ ಊರು ಬೆಣ್ಣೆಹಳ್ಳದ ದಂಡೆಯಲ್ಲಿದೆ. ಒಂದೇ ಗದ್ದಿಗೆ, ಎರಡು ಹೆಸರು. ಹಿಂದೂಗಳಿಗೆ ಚಾಂಗದೇವ, ಮುಸ್ಲಿಮರಿಗೆ ರಾಜಾಬಾಗಸವಾರ. ಹೋಳಿಯ ಆಸುಪಾಸಿನಲ್ಲಿ ಜಾತ್ರೆ, ಉರುಸು ಎರಡೂ ಅದೇ. ಹಳ್ಳದಲ್ಲಿ ಮಿಂದರೆ ಚರ್ಮದ ಬ್ಯಾನಿ ಹೋಗುತ್ತೆ ಅಂತ ನಂಬಿಕೆ. ಬೆಂಗಳೂರಿನ ಓದುಗರಿಗೆ ಈ ಊರು ಗೊತ್ತಿದ್ದರೆ ಅದು 2016ರ ಜುಲೈನಲ್ಲಿ, ಮಹದಾಯಿ ಹೋರಾಟದ ಹೊತ್ತಿಗೆ ಪೊಲೀಸರು ಮನೆ ಹೊಕ್ಕು ಬಡಿದ ಸುದ್ದಿಯಿಂದ. ನನಗೆ ಗೊತ್ತಿರೋದು ಹಾಡಿನಿಂದ.

ಜಾತ್ರೆಗೆ ಟ್ರ್ಯಾಕ್ಟರ್ ಹೂಡಿಕೊಂಡು ಹೋಗುವಾಗ ನಮ್ಮ ಕಾಕಾ ಒಂದು ಕ್ಯಾಸೆಟ್ ಮಾಡಿದ್ದರು. 'ಎ' ಸೈಡ್ ಹೋಗೋದಕ್ಕೆ, 'ಬಿ' ಸೈಡ್ ಬರೋದಕ್ಕೆ. ಹೋಗುವಾಗ ಶರೀಫರ ಪದ, ಕವ್ವಾಲಿ, ಮತ್ತೆ ಪದ. ಬರುವಾಗ ದೊಡ್ಡಾಟದ ಹಾಡು, ರಾಜಕುಮಾರ್, ಕೊನೆಗೆ ಒಂದು ಲತಾ. ಒಳಗಿನ ಚೀಟಿಯಲ್ಲಿ ನೀಲಿ ಇಂಕಿನ ಪಟ್ಟಿ, ಅದರ ಪಕ್ಕಕ್ಕೆ ಬೇರೆಯವರ ಕೈಯ ಪೆನ್ಸಿಲ್ ಅಕ್ಷರ. ಜೊತೆಗೆ ಬಂದಿದ್ದ ಗೆಳೆಯರೊಬ್ಬರ ವಿಮರ್ಶೆ ಅದು. ಮೂರನೇ ಪದಕ್ಕೆ ಗೆರೆ ಎಳೆದು, ಧಾಟಿ ನಮ್ಮದಲ್ಲ ಅಂತ ಬರೆದಿದ್ದಾರೆ. ಅದು ಸಿ. ಅಶ್ವಥ್ ಹಾಡಿದ ಶರೀಫ. ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ 1990ರಲ್ಲಿ ಬಂದ ಮೇಲಂತೂ ನಾಡಿನ ಕಿವಿಯಲ್ಲಿ ಶರೀಫ ಅಂದರೆ ಅಶ್ವಥ್ ದನಿಯೇ. ಭಜನಿ ಮ್ಯಾಳದಲ್ಲಿ ಬೆಳೆದ ಕಿವಿಗೆ ಮಾತ್ರ ಅದು ಬೆಂಗಳೂರಿನ ಅಂಗಿ ತೊಟ್ಟ ನಮ್ಮೂರ ಮನುಷ್ಯನ ಥರ ಕಾಣುತ್ತಿತ್ತು. ನನಗೆ ಅಶ್ವಥ್ ಇಷ್ಟ, ಆ ಪೆನ್ಸಿಲ್ ಗೆರೆಯೂ ಸರಿ ಅನಿಸುತ್ತೆ. ಇಡೀ ನಾಡಿಗೆ ಒಂದು ಪದ ಮುಟ್ಟಬೇಕಾದರೆ ಅದರ ಊರಿನ ಧಾಟಿ ಎಷ್ಟು ಬಿಟ್ಟುಕೊಡಬೇಕು? ಕನ್ನಡದಲ್ಲಿ ದೊಡ್ಡ ಲೇಖನ ಬರೆಯಬಹುದಾದ ಪ್ರಶ್ನೆಯನ್ನ ಆ ಮನುಷ್ಯ ಕ್ಯಾಸೆಟ್ ಚೀಟಿಯ ಮೂಲೆಯಲ್ಲಿ ಎರಡೇ ಪದಗಳಲ್ಲಿ ಬರೆದಿಟ್ಟಿದ್ದಾರೆ.

ಕ್ಯಾಸೆಟ್ ಈಗ ತಿರುಗೋದಿಲ್ಲ. ಟೇಪು ಅಂಟಿಕೊಂಡಿದೆ. ಪಟ್ಟಿ ಓದಬಹುದು, ಪೆನ್ಸಿಲ್ ಮಾಸುತ್ತಾ ಇದೆ.

ನನ್ನ ಸಿಟ್ಟು ಇರೋದು ಇಲ್ಲಿ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ನಡೆಯೋ ಸಂಗೀತಕ್ಕೆ ಒಂದು ನೆನಪಿನ ಪರಂಪರೆ ಇದೆ. ಯಾರು ಯಾವಾಗ ಏನು ಹಾಡಿದರು ಅಂತ ಹೇಳೋರಿದ್ದಾರೆ. ಖಾಸಗಿ ಟೇಪುಗಳನ್ನ ಡಿಜಿಟಲ್ ಮಾಡಿ, ರಾಗ, ತಾಳ ಬರೆದಿಡೋ ರಸಿಕರಿದ್ದಾರೆ. ಬಹಳ ಒಳ್ಳೇ ಕೆಲಸ. ಅದೇ ಜಿಲ್ಲೆಯ ಯಮನೂರಿನ ಜಾತ್ರೆಗೆ ಹೋದ ಟ್ರ್ಯಾಕ್ಟರ್‌ಗಳ ಟೇಪಿನಲ್ಲಿ ಏನಿತ್ತು, ಶರೀಫನ ಪಕ್ಕ ಕವ್ವಾಲಿ ಇಟ್ಟವರು ಯಾರು, ಅದಕ್ಕೆ ಯಾರು ಏನಂದರು? ಅದು ಯಾವ ಸಂಗ್ರಹದಲ್ಲೂ ಇಲ್ಲ. ಒಂದು ಪಟ್ಟಿ ಇತಿಹಾಸ ಅನಿಸಿಕೊಂಡಿತು, ಇನ್ನೊಂದು ಅಟ್ಟದ ಮೇಲಿನ ಕಸ. ಎರಡನ್ನೂ ಮಾಡಿದ್ದು ಎಷ್ಟೋ ಸಲ ಅವೇ ಕೈಗಳು. ರಾತ್ರಿ ಕುಂದಗೋಳದಲ್ಲಿ ಕೂತು ಭೈರವಿ ಕೇಳಿ ಎದ್ದವರು ಜಾತ್ರೆಗೂ ಹೋಗುತ್ತಿದ್ದರು.

ಗದ್ದಿಗೆ ಯಾರದು ಅಂತ ಜಗಳ ಹಚ್ಚೋ ಕಾಲದಲ್ಲಿ ಇದು ಬರೀ ಸಂಗೀತದ ಮಾತಾಗಿ ಉಳಿಯೋದಿಲ್ಲ. ಎಲ್ಲರೂ ಕೂಡಿದ್ದೆವು ಅಂತ ಭಾಷಣದಲ್ಲಿ ಹೇಳೋದು ಸುಲಭ, ಯಾರೂ ನಂಬೋದಿಲ್ಲ. ನೀಲಿ ಇಂಕಿನಲ್ಲಿ ಪದ, ಕವ್ವಾಲಿ, ಪದ ಅಂತ ಸಾಲಾಗಿ ಬರೆದ ಚೀಟಿ ಬೇರೆ. ಸೌಹಾರ್ದ ತೋರಿಸಬೇಕಂತ ಅದನ್ನ ಯಾರೂ ಬರೆದದ್ದಲ್ಲ. ಹಾದಿ ಸವೀಬೇಕಿತ್ತು, ಹಾಡು ಚಂದ ಇದ್ದವು. ಪೆನ್ಸಿಲ್ ಹಿಡಿದವರಿಗೂ ಕವ್ವಾಲಿಯ ಬಗ್ಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಧಾಟಿಯ ಬಗ್ಗೆ.

ಎರಡು ಸಾವಿರದ ಹತ್ತರ ಹೊತ್ತಿಗೆ ಕ್ಯಾಸೆಟ್ ಅಂಗಡಿಗಳು ಮೊಬೈಲ್ ಅಂಗಡಿಗಳಾದವು. ಮೆಮೊರಿ ಕಾರ್ಡ್ ಕೊಟ್ಟರೆ ಐನೂರು ಹಾಡು ಒಂದೇ ಸಲ ತುಂಬಿಸಿ ಕೊಡೋರು, ಫೋಲ್ಡರ್‌ಗೆ 'ಜಾನಪದ', 'ಭಕ್ತಿ', 'ಡಿಜೆ' ಅಂತ ಹೆಸರು. ಪಟ್ಟಿ ಬರೆಯೋ ಚೀಟಿ ಹೋಯ್ತು, ಚೀಟಿಯ ಜೊತೆ ಪೆನ್ಸಿಲ್ಲೂ ಹೋಯ್ತು. ಐನೂರು ಹಾಡಿಗೆ ಯಾರು ವಿಮರ್ಶೆ ಬರೀತಾರೆ? ಟ್ರ್ಯಾಕ್ಟರ್‌ಗಳಲ್ಲಿ ಈಗ ಮನುಷ್ಯನ ಎತ್ತರದ ಸ್ಪೀಕರ್, ಪೆನ್ ಡ್ರೈವ್. ಹಾಡುಗಳು ಹೊಸವು, ಕೆಲವು ನಿಜಕ್ಕೂ ಛಲೋ ಇವೆ, ಅದರ ಬಗ್ಗೆ ಗೊಣಗಾಟ ನನ್ನದಿಲ್ಲ.

ಕಾಕಾನ ಪಟ್ಟಿಯನ್ನ ಹೋದ ತಿಂಗಳು ಫೋನಿನಲ್ಲಿ ಮತ್ತೆ ಜೋಡಿಸಿದೆ. ಹದಿನಾರರಲ್ಲಿ ಹನ್ನೊಂದು ಸಿಕ್ಕವು. ಸಿಗದ ಐದರಲ್ಲಿ ಎರಡು ಆ ಕವ್ವಾಲಿಯ ಆಚೆ ಈಚೆ ಇದ್ದ ಪದಗಳು, ಯಾವುದೋ ಮೇಳದವರು ಹಾಡಿದ್ದು. ಹೆಸರಿನ ಜಾಗದಲ್ಲಿ ಕಾಕಾ ಬರೇ 'ಭಜನಿ' ಅಂತ ಬರೆದಿದ್ದಾರೆ. ಉಳಿದದ್ದನ್ನ ಗೆಳೆಯರ ಗುಂಪಿಗೆ ಕಳಿಸಿದೆ, ಮೂರನೇ ಹಾಡಿನ ಧಾಟಿ ನಮ್ಮದಲ್ಲ ಅನ್ನೋ ಟಿಪ್ಪಣಿ ಸಮೇತ. ಆರು ಹಾರ್ಟ್ ಬಂದವು. ಒಬ್ಬಳು ಮಾತ್ರ, ಅವಳ ತವರು ಅಣ್ಣಿಗೇರಿ ಕಡೆ, ಎರಡು ದಿನ ಬಿಟ್ಟು ಒಂದು ವಾಯ್ಸ್ ಮೆಸೇಜ್ ಹಾಕಿದಳು. ಅವಳ ಅಜ್ಜಿ ಅದೇ ಮೂರನೇ ಪದ ಹಾಡಿದ್ದು, ನಾಲ್ಕು ನಿಮಿಷ, ಹಿಂದೆ ಕುಕ್ಕರ್ ಸೀಟಿ. ಧಾಟಿ ಬೇರೆಯೇ. ಅಜ್ಜಿ ಮುಗಿಸಿ, ನಿಮ್ಮ ಪಟ್ಟ್ಯಾಗ ಮಂಗಳಾನ ಇಲ್ಲಲ್ಲ ಅಂತ ಬೈದಿದ್ದೂ ರೆಕಾರ್ಡ್ ಆಗಿದೆ.