ಬಿದನೂರಿನ ಕಬ್ಬಿಣದ ಬಾಣಗಳು: ಆಯುಧದ ಅಳತೆಯ ಒಂದು ವಿಚಾರ

ಕಾಲಾಳಿನ ಕೈಗೆ ಎಷ್ಟು ಗಾತ್ರದ ಗುಂಡನ್ನು ಕೊಡಬೇಕೆಂಬ ಪ್ರಶ್ನೆಯು ಮದ್ದಿನ ಆಯುಧಗಳಷ್ಟೇ ಹಳೆಯದು. ಗುಂಡು ದೊಡ್ಡದಾದರೆ ಪೆಟ್ಟು ಬಲವಾಗುವುದು. ಆದರೆ ಹೊರೆ ಹೆಚ್ಚಿ ಎಣಿಕೆ ಕುಗ್ಗುವುದು. ಚಿಕ್ಕದಾದರೆ ಎಣಿಕೆ ಏರುವುದು, ಪೆಟ್ಟು ತಗ್ಗುವುದು. ಭಾರತದ ಸೇನೆಯು ೭.೬೨ ಮಿಲಿಮೀಟರಿನ ಬಂದೂಕನ್ನು ಬಿಟ್ಟು ೧೯೯೦ರ ದಶಕದಲ್ಲಿ ೫.೫೬ ಮಿಲಿಮೀಟರಿನದನ್ನು ಹಿಡಿದು, ೨೦೧೯ರಿಂದೀಚೆಗೆ ಮತ್ತೆ ೭.೬೨ರ ಕಡೆಗೆ ತಿರುಗಿರುವುದನ್ನು ನೋಡಿದರೆ, ಈ ಪ್ರಶ್ನೆಗೆ ಎಲ್ಲ ಕಾಲಕ್ಕೂ ಸಲ್ಲುವ ಒಂದೇ ಉತ್ತರವಿಲ್ಲವೆಂಬುದು ವ್ಯಕ್ತವಾಗುತ್ತದೆ. ಹದಿನೆಂಟನೆಯ ಶತಮಾನದ ಮೈಸೂರು ಇದಕ್ಕೆ ಕೊಟ್ಟ ಉತ್ತರವೊಂದು ಮಲೆನಾಡಿನ ಬಾವಿಯ ಕೆಸರಿನಲ್ಲಿ ಹುದುಗಿದ್ದಿತು.

೨೦೧೮ನೆಯ ಜುಲೈ ತಿಂಗಳಲ್ಲಿ ಹೊಸನಗರ ತಾಲ್ಲೂಕಿನ ನಗರ ಗ್ರಾಮದ ಪಾಳುಬಾವಿಯೊಂದನ್ನು ರಾಜ್ಯದ ಪುರಾತತ್ತ್ವ ಇಲಾಖೆಯವರು ಅಗೆಸಿದಾಗ, ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ದೊರೆತುವು. ಮೇಲೆತ್ತಿದ ಮಣ್ಣಿನಲ್ಲಿ ಮದ್ದಿನ ವಾಸನೆ ಇನ್ನೂ ಉಳಿದಿದ್ದಿತು. ಅದೇ ಗ್ರಾಮದಲ್ಲಿ ೨೦೦೨ರಲ್ಲಿ ಸುಮಾರು ೧೬೦ ಬಾಣಗಳು ಸಿಕ್ಕಿದ್ದುವು. ಅವು ಟಿಪ್ಪುವಿನ ಕಾಲದ ರಾಕೆಟ್ಟುಗಳೆಂಬುದು ೨೦೧೩ರಲ್ಲಿ ತಿಳಿದುಬಂದಿತು. ಇವುಗಳಿಗೆ ಶಿವಮೊಗ್ಗದ ಶಿವಪ್ಪನಾಯಕ ವಸ್ತುಸಂಗ್ರಹಾಲಯವು ಆಶ್ರಯವಾಯಿತು.

ಸ್ಥಳದ ಪೂರ್ವೋತ್ತರವನ್ನು ಸಂಕ್ಷೇಪವಾಗಿ ನೆನೆಯಬಹುದು. ಸಾಗರ ತಾಲ್ಲೂಕಿನ ಕೆಳದಿ, ಇಕ್ಕೇರಿಗಳ ತರುವಾಯ ಕೆಳದಿಯ ಅರಸರಿಗೆ ಬಿದನೂರು ರಾಜಧಾನಿಯಾಯಿತು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಅವರ ಬಲವಾದ ಕೋಟೆಯಾಗಿದ್ದಿತು. ೧೭೬೩ರಲ್ಲಿ ಹೈದರನು ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಅದರ ಕೊನೆಯ ಭಾಗವೇ ಇಂದು ಊರಿನ ಹೆಸರಾಗಿ ಉಳಿದಿದೆ. ೧೭೮೩ರ ಜನವರಿಯಲ್ಲಿ ಕುಂಪಣಿಯ ಸೇನಾನಿ ಮ್ಯಾಥ್ಯೂಸನು ಕುಂದಾಪುರದ ಕಡೆಯಿಂದ ಹೊಸಂಗಡಿ ಘಾಟನ್ನು ಹತ್ತಿ ಬಂದು ನಗರವನ್ನು ಹಿಡಿದನು. ಅದೇ ವರ್ಷದ ಬೇಸಗೆಯಲ್ಲಿ ಟಿಪ್ಪುವು ಅದನ್ನು ಮರಳಿ ಪಡೆದನು.

ಮೈಸೂರಿನ ಬಾಣದ ರಚನೆ ಸರಳವಾದುದು. ಒಂದು ಕಡೆ ಮುಚ್ಚಿ, ಇನ್ನೊಂದು ಕಡೆ ಕಿರಿದಾದ ರಂಧ್ರವನ್ನುಳಿಸಿದ ಕಬ್ಬಿಣದ ನಳಿಗೆ. ಒಳಗೆ ಬಿಗಿದು ತುಂಬಿದ ಮದ್ದು. ನೆಟ್ಟಗೆ ಹಾರುವಂತೆ ಚರ್ಮದ ಪಟ್ಟಿಯಿಂದ ಕಟ್ಟಿದ ಬಿದಿರಿನ ಕೋಲು. ಜಾತ್ರೆಗಳ ಬಾಣಬಿರುಸಿನಲ್ಲಿರುವ ತತ್ತ್ವವೇ ಇದರಲ್ಲಿಯೂ ಇದೆ. ಕಾಗದದ ನಳಿಗೆ ಒಡೆದುಹೋಗುವಷ್ಟು ಒತ್ತಡವನ್ನು ಕಬ್ಬಿಣವು ತಡೆಯಬಲ್ಲುದಾದುದರಿಂದ, ಬಾಣವು ಸಾವಿರ ಗಜಗಳವರೆಗೂ ಅದಕ್ಕಿಂತ ದೂರಕ್ಕೂ ಹೋಗುತ್ತಿದ್ದಿತು. ಟಿಪ್ಪುವಿನ ಸೇನಾನಿಯಮಗಳ ಗ್ರಂಥವಾದ ‘ಫತ್‌ಹುಲ್ ಮುಜಾಹಿದೀನ್’ ಪ್ರಕಾರ ಒಂದೊಂದು ಕುಶೂನಿಗೆ, ಎಂದರೆ ದಳಕ್ಕೆ, ಇನ್ನೂರು ಮಂದಿ ಬಾಣದವರು.

ಇನ್ನು ಅಳತೆಯ ವಿಚಾರ. ಮೈಸೂರಿನಿಂದ ಆಂಗ್ಲದೇಶಕ್ಕೆ ಹೋಗಿ ವುಲ್ವಿಚ್‌ನಲ್ಲಿ ಸಂರಕ್ಷಿಸಲ್ಪಟ್ಟ ಎರಡು ಬಾಣಗಳಲ್ಲಿ ಒಂದರ ನಳಿಗೆಯ ಹೊರವ್ಯಾಸ ೨.೩ ಅಂಗುಲ, ಉದ್ದ ೧೦ ಅಂಗುಲ, ಇನ್ನೊಂದರದು ೧.೫ ಮತ್ತು ೭.೮ ಅಂಗುಲ. ವ್ಯಾಸದ ಅಂತರವು ಒಂದು ಅಂಗುಲವೂ ಇಲ್ಲ. ಆದರೆ ಲೆಕ್ಕ ಮಾಡಿದರೆ ಮೊದಲನೆಯದರ ಗಾತ್ರ ಎರಡನೆಯದರ ಮೂರರಷ್ಟಾಗುತ್ತದೆ. ಚಿಕ್ಕ ಬಾಣಗಳನ್ನು ಮೂರು ಹೊರಬಲ್ಲವನು ದೊಡ್ಡದನ್ನು ಒಂದೇ ಹೊರಬಲ್ಲನು. ನಗರದ ಬಾಣಗಳು ಗಾತ್ರದಲ್ಲಿ ಒಂದೇ ಸಮನಾಗಿಲ್ಲ. ಆದರೂ ಎಲ್ಲವೂ ಒಬ್ಬ ಆಳು ಕೈಯಲ್ಲಿ ಹಿಡಿಯಬಹುದಾದವು. ದಟ್ಟವಾದ ಕಾಡು, ಕಡಿದಾದ ಘಾಟಿ, ಮಳೆಗಾಲದ ಕೆಸರು, ಇವುಗಳಲ್ಲಿ ಫಿರಂಗಿಯ ಗಾಡಿ ಹೂತು ನಿಲ್ಲುವಲ್ಲಿ, ಬಾಣದ ಕಟ್ಟನ್ನು ಹೊತ್ತವನು ಕಾಲುದಾರಿಯಲ್ಲಿ ನಡೆಯಬಲ್ಲನು. ಈ ಮಿತಿಯನ್ನು ಗೊತ್ತುಮಾಡಿದುದು ಹೊರುವವನ ಹೆಗಲೆಂದು ಹೇಳುವುದು ತಪ್ಪಾಗಲಾರದು.

ಇದಕ್ಕೆ ತೆತ್ತ ಬೆಲೆಯೂ ಉಂಟು. ಕುಂಪಣಿಯ ಸಿಪಾಯಿಯ ಕೋವಿಯ ನಳಿಗೆ ಮುಕ್ಕಾಲು ಅಂಗುಲದ್ದು. ಗುಂಡು ಅದಕ್ಕೆ ಹೊಂದದಿದ್ದರೆ ಕೋವಿಯೇ ವ್ಯರ್ಥ. ಬಾಣವಾದರೋ ತನ್ನ ನಳಿಗೆಯನ್ನು ತಾನೇ ಹೊತ್ತೊಯ್ಯುವಂಥದು. ಆದುದರಿಂದ ಕಮ್ಮಾರನ ಸುತ್ತಿಗೆಯಲ್ಲಿ ಒಂದಷ್ಟು ಹೆಚ್ಚುಕಡಿಮೆಯಾದರೂ ಅದು ಹಾರುತ್ತಿದ್ದಿತು. ಆದರೆ ಒಂದು ಹೋದಲ್ಲಿಗೇ ಇನ್ನೊಂದು ಹೋಗುತ್ತಿರಲಿಲ್ಲ. ಒಬ್ಬನಿಗೆ ಗುರಿಯಿಡಲು ಬಾರದ ಈ ಆಯುಧವು ಕುದುರೆಯ ದಂಡಿನ ಮೇಲೆ, ಗುಂಪುಗೂಡಿದ ಪದಾತಿಯ ಮೇಲೆ ಹಲವಾಗಿ ಒಮ್ಮೆಗೇ ಬಿದ್ದಾಗ ಮಾತ್ರ ಸಫಲವಾಗುತ್ತಿದ್ದಿತು. ಚಿಕ್ಕ ಅಳತೆಯಿಂದ ಬಂದ ಎಣಿಕೆಯೇ ಗುರಿಯ ಕೊರತೆಯನ್ನು ತುಂಬಬೇಕಾಗಿದ್ದಿತು.

ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದಮೇಲೆ, ಮೈಸೂರಿನ ಬಾಣಗಳಿಂದ ಪ್ರೇರಿತನಾದ ವಿಲಿಯಂ ಕಾಂಗ್ರೀವನು ಬೇರೊಂದು ದಾರಿಯನ್ನು ಹಿಡಿದನು. ೧೮೦೬ರಲ್ಲಿ ಬೂಲೋನ್, ೧೮೦೭ರಲ್ಲಿ ಕೋಪನ್‌ಹೇಗನ್ ಪಟ್ಟಣಗಳ ಮೇಲೆ ಅವನ ಬಾಣಗಳು ಹಾರಿದುವು. ಅವನ ಮೂವತ್ತೆರಡು ಪೌಂಡಿನ ಬಾಣಕ್ಕೆ ಹದಿನೈದು ಅಡಿಯ ಕೋಲು ಬೇಕಾಗಿದ್ದಿತು. ಸಮುದ್ರದಲ್ಲಿ ಹೊರೆಯನ್ನು ಹೊತ್ತುದು ಹಡಗು. ಆದುದರಿಂದ ಅಲ್ಲಿ ಹಿರಿಯ ಅಳತೆಯೇ ಯುಕ್ತವಾಯಿತು. ಅದೇ ಬಾಣವನ್ನು ಹೊಸಂಗಡಿಯ ಘಾಟಿಯಲ್ಲಿ ಒಬ್ಬ ಆಳು ಹೊತ್ತು ಏರುವಂತಿರಲಿಲ್ಲ.

ಮೈಸೂರಿನ ಬಾಣಗಳ ಹಿರಿಮೆಯನ್ನು ಅವು ಹಾರಿದ ದೂರದಿಂದಲೇ ಅಳೆಯುವ ವಾಡಿಕೆಯುಂಟು. ನಗರದ ಬಾವಿಯ ರಾಶಿಯು ಇನ್ನೊಂದು ಮಾತನ್ನು ಕಲಿಸುತ್ತದೆ: ಆಯುಧದ ಅಳತೆಯನ್ನು ಅದು ತಾಗುವವನನ್ನು ಮಾತ್ರ ನೋಡಿ ಗೊತ್ತುಮಾಡಲಾಗದು, ಹೊರುವವನನ್ನೂ ಅವನು ನಡೆಯುವ ನೆಲವನ್ನೂ ನೋಡಬೇಕು. ಈವರೆಗೆ ಬಹುಮಟ್ಟಿಗೆ ಪರದೇಶೀಯರ ಬರೆಹಗಳಿಂದ ತಿಳಿಯಬೇಕಾಗಿದ್ದ ಈ ವಿಚಾರಕ್ಕೆ ಈಗ ಸಾವಿರ ಕಬ್ಬಿಣದ ಸಾಕ್ಷಿಗಳಿವೆ. ತುಕ್ಕು ಅವುಗಳ ಅಂಚನ್ನು ತಿನ್ನುವ ಮುನ್ನ ಒಂದೊಂದರ ವ್ಯಾಸ, ಉದ್ದ, ತೂಕಗಳನ್ನು ಗುರುತಿಸಿಡುವುದು ವಿದ್ವಾಂಸರ ಕರ್ತವ್ಯವಾಗಿದೆ.