ಕಲ್ಯಾಣ ಜಂಕ್ಷನ್ ದಾಟಿದ ಪ್ಲೇಗ್

ಮುಂಬಯಿಯ ರೈಲುಹಳಿ ಠಾಣೆಯನ್ನು ಮುಟ್ಟಿದ್ದು 1853ರ ಏಪ್ರಿಲ್‌ನಲ್ಲಿ, ಕಲ್ಯಾಣವನ್ನು ತಲುಪಿದ್ದು ಮರುವರ್ಷ. ಅಲ್ಲಿ ಅದು ಎರಡಾಗಿ ಕವಲೊಡೆದು, ಒಂದು ಥಳ್ ಘಾಟ್ ಏರಿ ನಾಸಿಕದತ್ತ ಹೋಯಿತು, ಇನ್ನೊಂದು ಭೋರ್ ಘಾಟ್ ಏರಿ ಪುಣೆಯತ್ತ. ಪುಣೆಯ ಹಳಿಯ ಮುಂದುವರಿಕೆಯೇ ಮೀರಜ್, ಬೆಳಗಾವಿ, ಹುಬ್ಬಳ್ಳಿಗಳ ಮೇಲೆ ಹಾದು ಬೆಂಗಳೂರನ್ನು ಕೂಡಿಕೊಂಡಿತು. 1896ರ ಸೆಪ್ಟೆಂಬರ್‌ನಲ್ಲಿ ಡಾ. ಅಕಾಸಿಯೊ ವೀಗಸ್ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗನ್ನು ಗುರುತಿಸಿದಾಗ ಲಕ್ಷಗಟ್ಟಲೆ ಜನ ನಗರ ಬಿಟ್ಟು ಹೊರಟರು. ದಖ್ಖನ್ನಿನ ಕಡೆಗೆ ರೈಲು ಹತ್ತಿದವರು ಕಲ್ಯಾಣವನ್ನು ದಾಟಲೇಬೇಕು. ಸರ್ಕಾರ ತನ್ನ ತಪಾಸಣೆಯ ಠಾಣ್ಯವನ್ನು ಅಲ್ಲಿ ಹೂಡಿದ್ದು ಸಹಜವಾಗಿಯೇ ಇತ್ತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದ ಮೇಲೆ ಅಧಿಕಾರಕ್ಕೆ ಮಿತಿಯೂ ಉಳಿಯಲಿಲ್ಲ. ಪ್ರಯಾಣಿಕರನ್ನು ಗಾಡಿಯಿಂದ ಇಳಿಸಿ, ಮೈ ಮುಟ್ಟಿ ಜ್ವರವಿದೆಯೇ ನೋಡಿ, ಕಂಕುಳಲ್ಲೂ ತೊಡೆಸಂದಿಯಲ್ಲೂ ಗಡ್ಡೆ ಹುಡುಕುತ್ತಿದ್ದರು. ಸಂಶಯ ಬಂದವರನ್ನು ತಡೆದಿಡುತ್ತಿದ್ದರು. ನಾಲ್ಕು ಜನರೆದುರು ಹೆಂಗಸರು ಅನುಭವಿಸಿದ ಅವಮಾನದ ಸಿಟ್ಟು ಪಶ್ಚಿಮ ಭಾರತದ ಊರೂರುಗಳಲ್ಲಿ ಹೊತ್ತಿ ಉರಿಯಿತು.

ಇಷ್ಟಾದರೂ ಪ್ಲೇಗ್ ನಿಲ್ಲಲಿಲ್ಲ. ಪುಣೆಗೆ ಹೋಯಿತು, ಹುಬ್ಬಳ್ಳಿಗೆ ಬಂತು. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರನ್ನೂ ಸೇರಿತು. ಕಲ್ಯಾಣದ ವೈದ್ಯರಿಗೆ ಶ್ರದ್ಧೆ ಸಾಲದೆ ಹೀಗಾಯಿತು ಎನ್ನುವಂತಿಲ್ಲ. ಅವರಿಗೆ ಒಪ್ಪಿಸಿದ ಪ್ರಶ್ನೆಯೇ ತಪ್ಪಾಗಿತ್ತು ಎಂಬುದು ನನ್ನ ವಾದ. 'ಈ ಮನುಷ್ಯನಿಗೆ ರೋಗವಿದೆಯೇ?' ಎಂಬುದು ಚಿಕಿತ್ಸಕನ ಪ್ರಶ್ನೆ. 'ರೋಗ ಎಲ್ಲಿ ಮೊದಲು ಕಂಡಿತು, ಎಷ್ಟು ದಿನದ ಮೇಲೆ ಪಕ್ಕದ ಓಣಿಗೆ ಹೋಯಿತು, ಅದಕ್ಕೆ ಮುಂಚೆ ಅಲ್ಲಿ ಏನು ನಡೆದಿತ್ತು?' ಎಂಬುದು ಸಾಂಕ್ರಾಮಿಕ ರೋಗಶಾಸ್ತ್ರದ ಪ್ರಶ್ನೆ. ಸೋಂಕು ತಗುಲಿದ ಮೇಲೆ ಜ್ವರ ಬರಲು ಪ್ಲೇಗಿಗೆ ಸಾಮಾನ್ಯವಾಗಿ ಎರಡರಿಂದ ಆರು ದಿನ ಬೇಕು. ಮುಂಬಯಿಯಿಂದ ಕಲ್ಯಾಣಕ್ಕೆ ಇರುವುದು ಐವತ್ತನಾಲ್ಕು ಕಿಲೋಮೀಟರ್, ರೈಲಿಗೆ ಕೆಲವೇ ಗಂಟೆಗಳ ದಾರಿ. ಮುಂಜಾನೆ ಸೋಂಕು ಹೊತ್ತು ಹೊರಟವನ ಮೈ ಮಧ್ಯಾಹ್ನ ಕಲ್ಯಾಣದಲ್ಲಿ ತಣ್ಣಗೇ ಇರುತ್ತದೆ. ಯಾವ ಕೈಗೂ ಅದು ಸಿಗದು.

ಉತ್ತರ ಮಾತ್ರ ಜನರ ಬಾಯಲ್ಲೇ ಇತ್ತು. 'ಇಲಿ ಬಿತ್ತು' ಎಂದರೆ ಮನೆ ಬಿಡಬೇಕು ಎಂಬುದು ಪ್ಲೇಗಿನ ಕಾಲದ ಕನ್ನಡ ಹಳ್ಳಿಗಳಿಗೆ ಗೊತ್ತಿದ್ದ ಮಾತು. ಊರಿಗೆ ಊರೇ ಹೊರಗೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಮುಂಬಯಿಯಲ್ಲೂ ಕರಾಚಿಯಲ್ಲೂ ಇದನ್ನೇ ಗಮನಿಸಿದ. ಮನುಷ್ಯರಿಗಿಂತ ಮೊದಲು ಇಲಿಗಳು ಸಾಯುತ್ತಿದ್ದವು. ಕೆಲವು ರೋಗಿಗಳ ಚರ್ಮದ ಮೇಲೆ ಕೀಟ ಕಚ್ಚಿದಂಥ ಸಣ್ಣ ಗುಳ್ಳೆ ಇರುತ್ತಿತ್ತು. 1898ರ ಜೂನ್‌ನಲ್ಲಿ ಅವನು ಇಲಿಯಿಂದ ಇಲಿಗೆ ಚಿಗಟದ ಮೂಲಕ ಸೋಂಕು ಹರಡುವುದನ್ನು ಪ್ರಯೋಗದಿಂದ ತೋರಿಸಿದ. ಆದರೆ ಅದೇ ವರ್ಷ ಕೆಲಸ ಆರಂಭಿಸಿದ, ಟಿ. ಆರ್. ಫ್ರೇಸರ್ ಅಧ್ಯಕ್ಷತೆಯ ಭಾರತೀಯ ಪ್ಲೇಗ್ ಆಯೋಗ ಅವನ ಮಾತನ್ನು ತಳ್ಳಿಹಾಕಿತು.

ಹಾಗಾದರೆ ಹಳ್ಳಿಯ ಮುದುಕಿಗೆ ತಿಳಿದಿದ್ದನ್ನೇ ವಿಜ್ಞಾನ ಹತ್ತು ವರ್ಷ ತಡವಾಗಿ ಹೇಳಿತೇ ಎಂದು ಯಾರಾದರೂ ಕೇಳಬಹುದು. ಅರ್ಧ ಸತ್ಯ ಅದರಲ್ಲಿದೆ, ಮತ್ತು ಆ ಅರ್ಧಕ್ಕಾಗಿ ಆಯೋಗ ನಾಚಬೇಕಿತ್ತು. ಉಳಿದರ್ಧ ಇರುವುದು ಎಣಿಕೆಯಲ್ಲಿ. ಇಲಿ ಸತ್ತದ್ದು ಕಾಣದ ಕಡೆಯೂ ಜನ ಸತ್ತಿದ್ದರು, ಇಲಿ ಬಿದ್ದರೂ ಜನ ಉಳಿದ ಊರುಗಳಿದ್ದವು. ಇಂಥ ಎದುರುಬದುರು ಸಾಕ್ಷಿಗಳ ನಡುವೆ ತೀರ್ಪು ಕೊಡಲು ಅನುಭವವೊಂದೇ ಸಾಲದು. 1905ರಲ್ಲಿ ಪರೇಲಿನ ಪ್ರಯೋಗಾಲಯದಲ್ಲಿ, ಅಂದರೆ ಇಂದಿನ ಹಾಫ್‌ಕಿನ್ ಸಂಸ್ಥೆಯಲ್ಲಿ, ಹೊಸ ತಂಡ ಕೆಲಸಕ್ಕೆ ಇಳಿಯಿತು. ಗ್ಲೆನ್ ಲಿಸ್ಟನ್ ಆಗಲೇ ಮುಂಬಯಿಯಲ್ಲಿ ಗಿನಿಪಿಗ್‌ಗಳನ್ನು ಬಿಟ್ಟು ಪ್ಲೇಗಿನ ಮನೆಗಳ ಚಿಗಟಗಳನ್ನು ಹಿಡಿದಿದ್ದ. ಈ ತಂಡ ಮುಂಬಯಿಯ ಬೀದಿಬೀದಿಗಳಿಂದ ತರಿಸಿದ ಒಂದು ಲಕ್ಷಕ್ಕೂ ಹೆಚ್ಚು ಇಲಿಗಳನ್ನು ಕೊಯ್ದು ಪರೀಕ್ಷಿಸಿ, ಸಿಕ್ಕ ಜಾಗ, ದಿನ, ಜಾತಿ ಬರೆದಿಟ್ಟಿತು. ಆಗ ಒಂದು ಕ್ರಮ ಹೊರಬಂತು. ರೋಗ ಮೊದಲು ಮೋರಿಯ ಹೆಗ್ಗಣಗಳಲ್ಲಿ ಏರುತ್ತದೆ, ಸುಮಾರು ಹತ್ತು ದಿನದ ಮೇಲೆ ಮನೆಯ ಕಪ್ಪಿಲಿಗಳಲ್ಲಿ, ಮತ್ತೆ ಹತ್ತು ಹದಿನಾಲ್ಕು ದಿನದ ಮೇಲೆ ಮನುಷ್ಯರಲ್ಲಿ. ಇದನ್ನು ಯಾವ ಒಬ್ಬ ವೈದ್ಯನೂ ಒಂದು ಹಾಸಿಗೆಯ ಪಕ್ಕ ನಿಂತು ಕಾಣಲಾರ. ಬೆಳಗಾವಿಯಲ್ಲೂ ತಂಡ ಇಲಿ, ಚಿಗಟ, ಮನುಷ್ಯ ಮೂರರ ಲೆಕ್ಕವನ್ನೂ ಜೊತೆಯಾಗಿ ಇಟ್ಟಿತು. ಕನ್ನಡ ನೆಲದ ಒಂದು ಊರಿನ ಸಾವುಗಳು ಹೀಗೆ ಜಗತ್ತಿನ ವೈದ್ಯಕೀಯ ತಿಳಿವಳಿಕೆಯೊಳಕ್ಕೆ ಸೇರಿದವು. ಇದನ್ನು ನಾವು ನೆನೆಯುವುದು ತೀರ ಕಡಿಮೆ.

ಕಲ್ಯಾಣದ ತಪಾಸಣೆಯ ಪರವಾಗಿ ಬಲವಾದ ಮಾತೊಂದಿದೆ. ಇಲಿಗಳು ತಾವಾಗಿ ನೂರಾರು ಮೈಲಿ ನಡೆಯಲಿಲ್ಲ, ಸೋಂಕನ್ನು ದೂರಕ್ಕೆ ಒಯ್ದದ್ದು ಮನುಷ್ಯನೇ ಎಂದು ಈ ಸಂಶೋಧಕರೂ ಒಪ್ಪಿದರು. ಅಂದಮೇಲೆ ಪ್ರಯಾಣಿಕನನ್ನು ತಡೆದದ್ದು ಸರಿಯಲ್ಲವೇ? ಆದರೆ ಅವರು ಸೇರಿಸಿದ ಇನ್ನೊಂದು ಮಾತನ್ನೂ ಕೇಳಬೇಕು. ಸೋಂಕಿನ ಚಿಗಟಗಳು ಬಟ್ಟೆಯ ಗಂಟಿನಲ್ಲಿ, ಹಾಸಿಗೆಯ ಸುರುಳಿಯಲ್ಲಿ, ಸರಕಿನಲ್ಲಿ ಹೋಗುತ್ತಿದ್ದವು. ಹೊತ್ತವನು ಎಷ್ಟೋ ಸಲ ಆರೋಗ್ಯವಾಗಿಯೇ ಇರುತ್ತಿದ್ದ. ಕಂಕುಳನ್ನು ಎಷ್ಟು ಒತ್ತಿ ನೋಡಿದರೂ ಸಿಗದದ್ದು ಅವನ ಕಾಲ ಬಳಿಯ ಮೂಟೆಯಲ್ಲಿತ್ತು. ಕೆಲವು ರೋಗಿಗಳು ಅಲ್ಲಿ ಸಿಕ್ಕಿದ್ದು ನಿಜ, ಕೆಲವು ಊರುಗಳಿಗೆ ಕೆಲವು ವಾರಗಳ ಬಿಡುವು ದೊರೆತಿರಲೂಬಹುದು. ಅದಕ್ಕೆ ತೆತ್ತ ಬೆಲೆ ಜನರ ನಂಬಿಕೆ. ತಪಾಸಣೆಗೆ ಹೆದರಿದವರು ರೋಗವನ್ನು ಮುಚ್ಚಿಟ್ಟರು, ಮುಚ್ಚಿಟ್ಟ ಸಾವು ಲೆಕ್ಕಕ್ಕೆ ಬರಲಿಲ್ಲ. ಲೆಕ್ಕವಿಲ್ಲದ ಕಡೆ ಈ ಶಾಸ್ತ್ರ ಕುರುಡಾಗುತ್ತದೆ.

ಕಾರಣ ತಿಳಿದ ಮಾತ್ರಕ್ಕೆ ಪ್ಲೇಗ್ ಹೋಯಿತೇ ಎಂಬ ಆಕ್ಷೇಪ ಇನ್ನೂ ಕಠಿಣವಾದದ್ದು. ಹೋಗಲಿಲ್ಲ. ಚಿಗಟದ ಪಾತ್ರ ಸ್ಥಿರಪಟ್ಟ ಮೇಲೆ, 1907ರಲ್ಲಿ, ಭಾರತದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಪ್ಲೇಗಿನಿಂದ ಸತ್ತರು. ಇಲಿಯ ಬಿಲವಿಲ್ಲದ ಮನೆ ಕಟ್ಟಲು ಹಣ ಬೇಕು, ಧಾನ್ಯವನ್ನು ಮನೆಯಿಂದ ದೂರವಿಡಲು ಜಾಗ ಬೇಕು. ವಸಾಹತು ಸರ್ಕಾರ ಎರಡನ್ನೂ ಬಡವರಿಗೆ ಕೊಡಲಿಲ್ಲ. ಅದು ಆಡಳಿತದ ಸೋಲು. ಶಾಸ್ತ್ರ ಮಾಡಿದ ಉಪಕಾರ ಬೇರೆ ಬಗೆಯದು: ರೋಗಿಯನ್ನು ಅಪರಾಧಿಯಂತೆ ಕಾಣಲು ಇದ್ದ ವೈದ್ಯಕೀಯ ನೆಪವನ್ನು ಅದು ಕಿತ್ತುಹಾಕಿತು. ಮನೆ ಬಿಟ್ಟು ಬಯಲಿಗೆ ಹೋಗುವುದು ಮೂಢತನವಲ್ಲ, ಚಿಗಟದಿಂದ ದೂರ ಹೋಗುವ ಸರಿಯಾದ ದಾರಿ ಎಂದು ಸಾಬೀತಾಯಿತು.

ಪ್ಲೇಗ್ ಮೊದಲು ಪತ್ತೆಯಾದ ಮಾಂಡ್ವಿ ಧಾನ್ಯದ ಗೋದಾಮುಗಳ ಪ್ರದೇಶ. ಆ ಬಂದರು ಕಡೆಯ ಸಗಟು ಧಾನ್ಯ ವ್ಯಾಪಾರ ಮುಂದೆ ಖಾಡಿ ದಾಟಿ ನವಿ ಮುಂಬಯಿಯ ವಾಶಿಗೆ ಬಂತು. 2020ರ ಮೇ ತಿಂಗಳಲ್ಲಿ ವಾಶಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ಕೋವಿಡ್ ಪ್ರಕರಣಗಳು ಗುಂಪಾಗಿ ಕಂಡಾಗ ಅದನ್ನು ಒಂದು ವಾರ ಮುಚ್ಚಿ, ಅಲ್ಲಿ ದುಡಿಯುವವರನ್ನು ಪರೀಕ್ಷಿಸಿದರು. ಆ ತಿಂಗಳುಗಳಲ್ಲಿ ರೈಲು ನಿಲ್ದಾಣಗಳಲ್ಲಿ ಹಣೆಗೆ ಹಿಡಿದ ಜ್ವರಮಾಪಕ ಕಲ್ಯಾಣದ ಹಳೆಯ ಪ್ರಶ್ನೆಯನ್ನೇ ಕೇಳುತ್ತಿತ್ತು, ಮತ್ತು ಜ್ವರವಿಲ್ಲದೆ ಸೋಂಕು ಹೊತ್ತವರು ಅದನ್ನು ಅಷ್ಟೇ ಸುಲಭವಾಗಿ ದಾಟಿದರು. ವಾಶಿಯಲ್ಲಿ ಕೇಳಿದ್ದು ಪರೇಲಿನ ಪ್ರಶ್ನೆ: ಪ್ರಕರಣಗಳು ಎಲ್ಲಿ ಗುಂಪುಗೂಡಿವೆ, ಅಲ್ಲಿಗೆ ಯಾರು ಬಂದು ಹೋಗುತ್ತಾರೆ, ಅವರು ಸಂಜೆ ಯಾವ ಮನೆಗೆ ಮರಳುತ್ತಾರೆ.